ಊರು ಮುಟ್ಟದ ಹಡಗಿನಲ್ಲಿ ಚಿಗವ್ವ

ಬಾಗಲಕೋಟೆಯ ಕಾಲೇಜಿನಲ್ಲಿದ್ದಷ್ಟು ವರ್ಷ ನಾನು ಓದಿದ್ದಕ್ಕಿಂತ ವಾದ ಮಾಡಿದ್ದೇ ಹೆಚ್ಚು. ನವನಗರದಲ್ಲಿ ಚರ್ಚಾಸ್ಪರ್ಧೆ ಎಂದರೆ ನಾನು, ಹುನಗುಂದದಲ್ಲಿ ಎಂದರೆ ನಾನು, ಬಾದಾಮಿಯಲ್ಲಿ ಎಂದರೂ ಬೆಳಗಿನ ಬಸ್ಸು ಹಿಡಿದು ಹೋಗುವವಳು ನಾನೇ. ಚೀಟಿ ಎತ್ತಿದಾಗ ‘ಪರ’ ಎಂದು ಬಂದರೆ ಪರ, ‘ವಿರೋಧ’ ಎಂದು ಬಂದರೆ ವಿರೋಧ. ನನ್ನ ಸ್ವಂತ ಅಭಿಪ್ರಾಯವನ್ನು ಯಾರೂ ಕೇಳುತ್ತಿರಲಿಲ್ಲ. ಅದರ ಅಗತ್ಯ ನನಗೂ ಕಂಡಿರಲಿಲ್ಲ. ವಾರಕ್ಕೊಮ್ಮೆ ಇಳಕಲ್ಲಿನ ಮನೆಗೆ ಬಂದಾಗ ಈ ಚಾಳಿ ನನ್ನ ಜೊತೆಗೇ ಬಸ್ಸಿಳಿಯುತ್ತಿತ್ತು. “ಹಾಲು ಬೆಳ್ಳಗ ಐತಿ ಅಂದ್ರೂ ಸಾಬೀತು ಮಾಡ್ರಿ ಅಂತಾಳ ಈಕಿ” ಎಂದು ಅವ್ವ ನೆರೆಯವರ ಮುಂದೆ ದೂರುತ್ತಿದ್ದಳು. ಆ ದೂರಿನಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂಬುದು ನನ್ನ ವಾದ. ಅವ್ವ ಇಂದಿಗೂ ಒಪ್ಪಿಲ್ಲ.

ವೇದಿಕೆಯ ಮೇಲೆ ಗೆದ್ದ ವಾದಗಳಿಂದ ಯಾರ ಬದುಕೂ ಒಂದಿಂಚು ಅಲುಗಿದ್ದಿಲ್ಲ. ಅಲುಗಿಸಿದ್ದು ಒಂದೇ ಒಂದು. ಅದಕ್ಕೆ ವೇದಿಕೆ ಇರಲಿಲ್ಲ, ಸಮಯವಾಯಿತೆಂದು ಗಂಟೆ ಬಾರಿಸುವವರಿರಲಿಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ, ಒಂದು ಭಾನುವಾರ ಊಟವಾದ ಮೇಲೆ, ಅಜ್ಜನ ಎದುರು ನಡೆಯಿತು. ವಿಷಯ: ಹಡಗು.

ಸಮುದ್ರದಿಂದ ಇಷ್ಟು ದೂರದ ಇಳಕಲ್ಲಿಗೆ ಹಡಗು ಹೇಗೆ ಬಂತು ಎಂದು ಕೇಳಬಹುದು. ಸಿಮೆಂಟಿನ ದಾರಿಯಿಂದ ಬಂತು. ನನ್ನ ಕಾಕಾನದು ಹುನಗುಂದದಲ್ಲಿ ಸಿಮೆಂಟಿನ ಅಂಗಡಿ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಊರುಗಳ ಜನ ಎತ್ತರದ ಜಾಗ ಹಿಡಿದು ಹೊಸ ಮನೆ ಕಟ್ಟಿಕೊಳ್ಳುತ್ತಿದ್ದ ಕಾಲ. ಲಾರಿಯಿಂದ ಇಳಿಸಿದ ಚೀಲ ಅಂಗಡಿಯೊಳಗೆ ಹೋಗುವ ಮೊದಲೇ ಮಾರಿಹೋಗುತ್ತಿತ್ತು. ಆ ವರ್ಷ ಕಂಪನಿಯವರು ಚೆನ್ನಾಗಿ ಮಾರಿದ ಅಂಗಡಿಕಾರರನ್ನು ಸಿಂಗಪುರಕ್ಕೆ ಕರೆದೊಯ್ದು, ಅಲ್ಲಿಂದ ವಿಹಾರದ ಹಡಗು ಹತ್ತಿಸುವುದಾಗಿ ಹೇಳಿದರು. ಒಬ್ಬೊಬ್ಬರಿಗೆ ಎರಡು ಟಿಕೆಟ್ಟು. ಒಂದು ಅಂಗಡಿಯವನಿಗೆ, ಇನ್ನೊಂದು ಅವನು ಹೆಸರು ಕೊಟ್ಟವರಿಗೆ. ನೀರು ಬಂದು ಊರು ಮುಳುಗಿತು; ಮುಳುಗಿದವರು ಕೊಂಡ ಸಿಮೆಂಟು ಕಾಕಾನನ್ನು ನೀರಿನ ಮೇಲೆ ತೇಲಲು ಕಳಿಸುತ್ತಿದೆ. ಆ ಭಾನುವಾರದ ಹಿಂದಿನ ವಾರ ಕಾಕಾ ಈ ಸುದ್ದಿ ತಂದಾಗ, ಇದರಲ್ಲೇನೋ ಅನ್ಯಾಯವಿದೆ ಎಂದು ನಾನು ಶುರು ಮಾಡಿದೆ. “ನಿನ್ನ ಭಾಷಣ ಆಮ್ಯಾಲ. ಮೊದ್ಲ ಹಡಗ ನೋಡು” ಎಂದು ಕಾಕಾ ಬಣ್ಣದ ಮಡಿಕೆ ಕಾಗದವೊಂದನ್ನು ಬಿಚ್ಚಿ ಅಜ್ಜನ ಮುಂದೆ ಹಾಸಿದ.

ಹಾಸಿದ್ದು ತಪ್ಪಾಯಿತು. ಯಾಕೆಂದರೆ ಅಜ್ಜ ಹಡಗು ಕಂಡವನು. ಹರೆಯದಲ್ಲಿ ಇಳಕಲ್ ಸೀರೆಯ ಗಂಟು ಹೊತ್ತು ಮುಂಬಯಿಗೆ ಹೋಗಿ, ಅಲ್ಲಿಂದ ಕರಾವಳಿಯ ಹಡಗು ಹತ್ತಿ, ರತ್ನಾಗಿರಿ, ಮಾಲವಣ, ವೆಂಗುರ್ಲೆ ಎಂದು ಒಂದೊಂದೇ ಊರಿನಲ್ಲಿ ಇಳಿದು ಸೀರೆ ಮಾರಿ ಬರುತ್ತಿದ್ದ. ಆಗ ಹಡಗು ದಡದವರೆಗೆ ಬರುತ್ತಿರಲಿಲ್ಲವಂತೆ. ನಡುನೀರಿನಲ್ಲೇ ನಿಲ್ಲುತ್ತಿತ್ತು; ಸಣ್ಣ ದೋಣಿಗಳು ಬಂದು ಜನರನ್ನೂ ಗಂಟುಗಳನ್ನೂ ಇಳಿಸಿಕೊಳ್ಳುತ್ತಿದ್ದವು. ಅಜ್ಜ ಎದೆ ಮಟ್ಟದ ನೀರಿನಲ್ಲಿ ಸೀರೆಯ ಗಂಟನ್ನು ತಲೆಯ ಮೇಲಿಟ್ಟುಕೊಂಡು ದಡ ಸೇರಿದ ಕಥೆ ನಮಗೆಲ್ಲ ಬಾಯಿಪಾಠ.

ಅಜ್ಜ ಚಿತ್ರವನ್ನು ಕಣ್ಣಿನ ಹತ್ತಿರ ಹಿಡಿದ.

“ಇದೇನಲೇ, ಹಡಗ ಅಂದಿ. ಕೋರ್ಟ ಕಟ್ಟಡಧಂಗ ಐತಿ.”

“ಹಡಗನ ಯಪ್ಪಾ. ಅಂತಸ್ತಿನ ಮ್ಯಾಲೆ ಅಂತಸ್ತು. ಲಿಫ್ಟ್ ಐತಿ, ಅಂಗಡಿ ಅದಾವ. ಇಲ್ಲಿ ನೋಡು, ಮಾಳಗಿ ಮ್ಯಾಲ ಈಜೋ ಹೊಂಡ.”

“ಸುತ್ತ ಕಣ್ಣ ಹಾಯೂಮಟ ನೀರ ಇದ್ದಾಗ ಮ್ಯಾಲ ಮತ್ತೊಂದು ಹೊಂಡ ಯಾಕ ಬೇಕು?”

ಕಾಕಾ ಕಾಗದದ ಮಗ್ಗಲು ತಿರುವಿದ. 

“ಆತು, ಯಾವ ಊರಿಗೆ ಹೋಗತೈತಿ?”

“ಊರಿಗೆ ಹೋಗೂದಿಲ್ಲ.”

“ಅಂದ್ರ?”

“ಸಮುದ್ರದಾಗ ಹೋಗತೈತಿ, ಅಲ್ಲೇ ಒಂದೆರಡು ದಿನ ಇರತೈತಿ, ಹೊಳ್ಳಿ ಬಿಟ್ಟ ಜಾಗಾಕ್ಕ ಬರತೈತಿ.”

ಅಜ್ಜ ಕನ್ನಡಕ ತೆಗೆದು ಕಾಗದದ ಮೇಲಿಟ್ಟ. “ಗಾಣದ ಎತ್ತು” ಎಂದ.

ಪಡಸಾಲೆಯೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ನಕ್ಕು ಸುಮ್ಮನಿರುವ ಜಾತಿ ನನ್ನದಲ್ಲ. “ಹಡಗಲ್ಲ ಅಜ್ಜಾ ಅದು, ತೇಲೋ ಲಾಡ್ಜ್” ಎಂದೂ ಸೇರಿಸಿದೆ. ಅಜ್ಜನಿಗೆ ಆ ಮಾತು ಬಹಳ ಹಿಡಿಸಿತು. ಸಂಜೆಯೊಳಗೆ ಓಣಿಯ ನಾಲ್ಕು ಮನೆಗೆ ಹಂಚಿ ಬಂದ.

ನಗದೆ ಇದ್ದವಳು ಒಬ್ಬಳೇ, ಕಾಕಾನ ಹೆಂಡತಿ, ನಮ್ಮ ಚಿಗವ್ವ. ಅಡುಗೆಮನೆಯ ಬಾಗಿಲಲ್ಲಿ ತಲೆಯ ಮೇಲಿನ ಸೆರಗು ಹಿಡಿದು ನಿಂತಿದ್ದಳು. ಗಂಡಸರು ಎದ್ದು ಹೋದ ಮೇಲೆ ಬಂದು, ಕಾಗದ ಎತ್ತಿಕೊಂಡು, ಹೊಂಡ ಬಿಟ್ಟು, ದೀಪದ ಸಾಲು ಬಿಟ್ಟು, ಮೂಲೆಯ ಸಣ್ಣ ಚಿತ್ರವೊಂದರ ಮೇಲೆ ಬೆರಳಿಟ್ಟಳು. ಹಡಗಿನ ಅಂಚಿನ ಕಟಕಟೆ, ಪಕ್ಕದಲ್ಲಿ ಒಂದು ಕುರ್ಚಿ, ಆಚೆ ಬರೀ ನೀರು.

“ಈ ಖುರ್ಚಿ ಯಾರಿಗೆ?”

“ಯಾರಿಗಾದ್ರೂ. ಕುಂದ್ರಾಕ.”

“ಕುಂತು ಏನ ಮಾಡ್ತಾರ?”

“ಏನೂ ಇಲ್ಲ ಚಿಗವ್ವಾ. ನೀರ ನೋಡ್ತಾರ.”

“ಅಷ್ಟನ?”

“ಅಷ್ಟನ.”

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಪಡಸಾಲೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, ಸಣ್ಣ ದನಿಯಲ್ಲಿ, ಆದರೆ ಅನುಮಾನಕ್ಕೆ ಎಡೆಯಿಲ್ಲದಂತೆ, “ನಾ ಹೋಗ್ಬೇಕು” ಎಂದಳು. ಆ ಮನೆಯಲ್ಲಿ ಅವಳು ತನಗಾಗಿ ಏನಾದರೂ ಬೇಕೆಂದು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಎರಡನೆಯ ಟಿಕೆಟ್ಟು ಅವಳದೇ ಆಗಬೇಕಿತ್ತು, ಅದರಲ್ಲಿ ವಾದಕ್ಕೇನಿದೆ ಎನ್ನಬೇಡಿ. ನಮ್ಮ ಮನೆಯಲ್ಲಿ ಅಜ್ಜನ ಮಾತು ಬಿದ್ದ ಮೇಲೆಯೇ ಯಾವುದೂ ಆಗುವುದು. ಮರುದಿನ ಕಾಕಾ ಹೆದರುತ್ತ ವಿಷಯ ಎತ್ತಿದ. ಅಜ್ಜ ಎಲೆಗೆ ಸುಣ್ಣ ಹಚ್ಚುತ್ತಲೇ ತೀರ್ಪು ಕೊಟ್ಟ: “ಹೆಣ್ಣಮಕ್ಕಳಿಗೆ ಅಲ್ಲೇನೈತಿ? ಅಲ್ಲಿ ಮಾಂಸ, ಸೆರೆ. ಅಕಿ ಲಿಂಗಪೂಜಿ ಮಾಡ್ದ ನೀರ ಸೈತ ಮುಟ್ಟೂದಿಲ್ಲ. ಇಷ್ಟ ಮಾಡಿ ಹೋಗೂದು ಎಲ್ಲಿಗೆ? ಎಲ್ಲಿಗೂ ಅಲ್ಲ. ನಿಮ್ಮಣ್ಣನ್ನ ಕರಕೊಂಡು ಹೋಗು. ತೇಲೋ ಲಾಡ್ಜಿನ್ಯಾಗ ಇಬ್ರೂ ಉಂಡು ಮಲಗಿ ಬರ್ರಿ.”

‘ನಿಮ್ಮಣ್ಣ’ ಎಂದರೆ ನನ್ನ ಅಪ್ಪ. ಅವನು ಅದೇ ಸಂಜೆ ಮೀಸೆಗೆ ಕಪ್ಪು ಹಚ್ಚಿಸಿಕೊಂಡು ಬಂದ.

ಕಂಪನಿಗೆ ಹೆಸರು ಕೊಡಬೇಕಾದದ್ದು ಮುಂದಿನ ಸೋಮವಾರ. ಕಾಕಾ ಲಾರಿ ಚಾಲಕರ ಜೊತೆ ಹುಲಿಯಂತೆ ಜಗಳಾಡುವವನು. ಅಜ್ಜನ ಮುಂದೆ ಮಾತ್ರ ತುಟಿ ಎರಡಾಗುತ್ತಿರಲಿಲ್ಲ. ಶನಿವಾರ ನಾನು ಮನೆಗೆ ಬಂದಾಗ ಚಿಗವ್ವ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

“ಸ್ಪರ್ಧಾದಾಗ ನೀ ಎರಡೂ ಕಡೆ ಮಾತಾಡ್ತಿ, ಹೌದಲ್ಲ?”

“ಹೌದು.”

“ತೇಲೋ ಲಾಡ್ಜ್ ಅಂತ ಒಂದ ಕಡೆ ಆತು.” ಮರದ ಕೊಣಮಿಗೆಯಲ್ಲಿ ಹಿಟ್ಟಿನ ಉಂಡೆಯನ್ನು ಒಮ್ಮೆ ಬಲವಾಗಿ ನಾದಿದಳು. “ಈಗ ಇನ್ನೊಂದ ಕಡೆ ಮಾತಾಡು.”

ಚೀಟಿ ಎತ್ತದೆಯೇ ಸಿಕ್ಕ ಪಕ್ಷ ಅದು. ಆ ರಾತ್ರಿ ನಾನು ಎದುರು ಪಕ್ಷದ ಅಂಶಗಳನ್ನು ಜಾಲಾಡಿದೆ. ಜನ ಏನೆಂದಾರು ಎಂಬುದು ವಾದವಲ್ಲ, ಬೆದರಿಕೆ, ಅದನ್ನು ಹೊರಗಿಟ್ಟೆ. ಉಳಿದವು ಎರಡೇ. ಒಂದು, ಆ ಹಡಗಿನಲ್ಲಿ ಪೂಜೆ ನಡೆಯದು. ಇನ್ನೊಂದು, ಅದು ಪ್ರಯಾಣವೇ ಅಲ್ಲ. ಮೊದಲನೆಯದನ್ನು ಅಜ್ಜನ ಬಾಯಿಂದಲೇ ಒಡೆಸಬಹುದಿತ್ತು. ಎರಡನೆಯದು ತೊಡಕಿನದು, ಏಕೆಂದರೆ ಅದು ನಿಜವಾಗಿತ್ತು.

ಭಾನುವಾರ ಊಟವಾಯಿತು. ಅಜ್ಜ ಗೋಡೆಗೆ ಒರಗಿ ಕೂತ. ಕಾಕಾ ಬಾಗಿಲ ಬಳಿ, ಬೇಕೆಂದರೆ ಎದ್ದು ಹೋಗಲು ಅನುಕೂಲವಾಗುವಂತೆ. ಅಪ್ಪ ಕಪ್ಪು ಮೀಸೆಯ ಸಮೇತ ನಡುವೆ. ಅವ್ವ ಮತ್ತು ಚಿಗವ್ವ ಒಳಬಾಗಿಲಲ್ಲಿ.

“ಅಜ್ಜಾ, ಚಿಗವ್ವನ ಪರವಾಗಿ ನಾ ಮಾತಾಡ್ತೇನಿ” ಎಂದೆ.

ಅಜ್ಜನ ಕಣ್ಣು ಹೊಳೆಯಿತು. ನನಗೆ ವಾದದ ರುಚಿ ಹತ್ತಿದ್ದು ಯಾರಿಂದ ಎಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. “ಬರ್ರಿ ವಕೀಲ್ರ” ಎಂದ. “ಮೊನ್ನೆ ನಮ್ಮ ಕಡೆ ಇದ್ರಿ. ಯಾವಾಗ ಪಾರ್ಟಿ ಬದಲಿ ಮಾಡಿದ್ರಿ?”

“ನಿನ್ನಿ. ಮೊದ್ಲ ಒಂದು ಮಾತ ಕೇಳ್ತೇನಿ. ನಿನ್ನ ಹಡಗದಾಗ ಮೀನ ಇರ್ತಿದ್ದಿಲ್ಲೇನು?”

“ಮೀನ ಅಂದ್ರ? ಬುಟ್ಟಿಗಟ್ಟಲೆ! ಒಣಮೀನದ ವಾಸನಿಗೆ ನಿದ್ದಿ ಹತ್ತತಿದ್ದಿಲ್ಲ.”

“ಸೆರೆ ಕುಡಿಯೋರು?”

“ಹಡಗ ನಡಸೋ ಖಲಾಶಿಗೋಳು ಕುಡೀತಿದ್ರು. ಕುಡದು ಹಾಡ್ತಿದ್ರು.”

“ಹಂಗಾರ ಅಲ್ಲಿ ನಿನ್ನ ಪೂಜಿ ತಪ್ಪತಿತ್ತು.”

“ತಪ್ಪತಿತ್ತು ಅಂದ್ರ!” ಅಜ್ಜ ಗೋಡೆ ಬಿಟ್ಟು ನೆಟ್ಟಗೆ ಕೂತ. “ಒಂದ ದಿನ ತಪ್ಪಿಲ್ಲ ನಂದು. ಹೊತ್ತ ಮೂಡೂದರಾಗ ಎದ್ದು, ಒಂದ ತಂಬಗಿ ನೀರಾಗ ಮೈ ತೊಳಕೊಂಡು, ವಿಭೂತಿ ಹಚ್ಚಿ, ಲಿಂಗಾ ಅಂಗೈಯಾಗ ಇಟಗೊಂಡು ಕುಂತ್ನೆಂದ್ರ, ಈ ಕಡೆ ಮೀನದ ಬುಟ್ಟಿ, ಆ ಕಡೆ ಕೋಳಿ ಪಂಜರ, ಹಡಗ ಹೊಯ್ದಾಡಾಕತ್ರೂ…”

ಅಲ್ಲಿಗೆ ನಿಂತ. ನಿಂತು ನನ್ನ ಮುಖ ನೋಡಿದ. ಬಾಗಿಲ ಬಳಿ ಕಾಕಾನಿಗೆ ಕೆಮ್ಮು ಬಂತು.

“ಗುಡಿ ಬೇಕಾಗ್ತಿದ್ದಿಲ್ಲ?” ಎಂದು ಮೆತ್ತಗೆ ಕೇಳಿದೆ.

“ನಮಗ ಗುಡಿ ಯಾಕ ಬೇಕವ್ವಾ” ಎಂದ ಅಜ್ಜ, ದನಿ ಇಳಿಸಿ. “ಕೊರಳಾಗ ಇರತೈತಲ್ಲ.”

“ಚಿಗವ್ವನ ಕೊರಳಾಗೂ ಐತಿ.”

ಬಸವಣ್ಣನ ಒಕ್ಕಲಿನವರಿಗೆ ಈ ಮಾತಿನ ಮುಂದೆ ಇನ್ನೊಂದು ಮಾತಿಲ್ಲ. ದೇವರನ್ನು ಎದೆಯ ಮೇಲೆ ಕಟ್ಟಿಕೊಂಡು ತಿರುಗುವ ಜನ ಪ್ರಯಾಣಕ್ಕೆ ಅಂಜುವುದೆಂದರೆ ಅದಕ್ಕಿಂತ ವಿಚಿತ್ರವಿಲ್ಲ. ಅಜ್ಜ ಕೈ ಎತ್ತಿ ಗಾಳಿಯಲ್ಲಿ ಏನನ್ನೋ ಅಳಿಸಿದಂತೆ ಮಾಡಿದ. “ಆತು, ಪೂಜೀದು ಬಿಡು. ಗಾಣದ ಎತ್ತಿಗೇನ ಹೇಳ್ತಿ? ಹಡಗ ಅಂದ್ರ ಒಂದ ಊರಾಗ ಹತ್ತಿ ಇನ್ನೊಂದ ಊರಾಗ ಇಳಿಯೂದು. ನಾ ರತ್ನಾಗಿರಿಗೆ ಹೊಂಟ್ರ ರತ್ನಾಗಿರಿ ಬರ್ತಿತ್ತು. ಇಳದ್ರ ಬ್ಯಾರೆ ಮಾತು, ಬ್ಯಾರೆ ಊಟ, ಬ್ಯಾರೆ ಜನ. ಮಳಿ ಬಂದ್ರ ತೋಯ್ತಿದ್ವಿ, ಬಿಸಲ ಬಿದ್ರ ಸುಡ್ತಿದ್ವಿ. ಸಮುದ್ರ ಅಂದ್ರ ಏನಂತ ಮೈಗೆ ಗೊತ್ತಾಗ್ತಿತ್ತು. ಇದೇನು? ತಂಪ ಖೋಲಿಯೊಳಗ ಮಲಗೂದು, ಎದ್ದು ಉಣ್ಣೂದು, ಹೊಳ್ಳಿ ಮಲಗೂದು. ಒಂದ ಊರ ಮುಟ್ಟಿಲ್ಲ, ಒಂದ ಕೆಲಸ ಆಗಿಲ್ಲ. ಇದನ್ನ ಪ್ರಯಾಣ ಅಂತಿಯೇನ ನೀನು?”

ಒಳ್ಳೆಯ ವಾದ. ಬಾಗಲಕೋಟೆಯ ತೀರ್ಪುಗಾರರಾಗಿದ್ದರೆ ಪೂರ್ತಿ ಅಂಕ ಕೊಡುತ್ತಿದ್ದರು. ಅಪ್ಪನಿಗೆ ಗೆದ್ದಷ್ಟು ಸಂತೋಷವಾಗಿ ಮೀಸೆಯ ತುದಿ ಮುಟ್ಟಿಕೊಂಡ.

“ಒಪ್ಪಿದೆ” ಎಂದೆ.

ಕಾಕಾ ಬಾಯಿ ತೆರೆದ. ಚಿಗವ್ವ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟಳು.

“ನೀ ಹೇಳಿದ್ದು ಎಲ್ಲಾ ಖರೆ ಅಜ್ಜಾ. ಆ ಹಡಗ ಎಲ್ಲಿಗೂ ಹೋಗೂದಿಲ್ಲ. ಅಲ್ಲಿ ಯಾರಿಗೂ ಕೆಲಸ ಇರೂದಿಲ್ಲ. ನಾ ಅದನ್ನ ಅಲ್ಲಗಳ್ಯಾಂಗಿಲ್ಲ. ಈಗ ಬದಾಮಿ ಮಾತ ಆಡೂಣು.”

“ಬದಾಮಿ ಎಲ್ಲಿಂದ ಬಂತು?”

ಬಾದಾಮಿ ನಮ್ಮ ಮನೆಯ ಪದ್ಧತಿ. ನೆಂಟರು ಬಂದರೆ ಬಾದಾಮಿ, ಯಾರಾದರೂ ಪಾಸಾದರೆ ಬಾದಾಮಿ. ಟೆಂಪೋ ಮಾಡಿಕೊಂಡು ಹೊರಡುವುದು, ಮೊದಲು ಚೊಳಚಗುಡ್ಡದಲ್ಲಿ ಬನಶಂಕರಿಗೆ ಕೈಮುಗಿಯುವುದು, ಆಮೇಲೆ ಗುಹೆ. ಬನಶಂಕರಿಯಲ್ಲಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ರೊಟ್ಟಿ, ಪಲ್ಯ, ಮೊಸರು ಇಟ್ಟುಕೊಂಡು ಮಾರಲು ಕೂತಿರುತ್ತಾರೆ. ಆದರೆ ಅಜ್ಜ ಕೊಂಡು ಉಣ್ಣುವವನಲ್ಲ. ಹಾಗಾಗಿ ಮನೆಯಿಂದ ಬುತ್ತಿ. ಕಟಕ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಮೊಸರನ್ನ, ಎಲ್ಲ ನಸುಕಿನಲ್ಲಿ ಎದ್ದು ಚಿಗವ್ವ ಕಟ್ಟಿದ್ದು. ಬಾದಾಮಿಯಲ್ಲಿ ಮಂಗಗಳ ಕಾಟ ಎಲ್ಲರಿಗೂ ಗೊತ್ತು. ಬುತ್ತಿ ಗಂಟನ್ನು ಮೇಲೆ ಒಯ್ಯುವಂತಿಲ್ಲ, ಟೆಂಪೋದಲ್ಲಿ ಬಿಡುವಂತಿಲ್ಲ. ಯಾರಾದರೂ ಕೆಳಗೆ ಮರದ ಬುಡದಲ್ಲಿ ಕೋಲು ಹಿಡಿದು ಕೂರಬೇಕು.

“ಚಿಗವ್ವಾ” ಎಂದು ಬಾಗಿಲ ಕಡೆ ತಿರುಗಿದೆ, “ನೀ ಬದಾಮಿಗೆ ಹೋಗಿಯಲ್ಲ?”

“ಭಾಳ ಸಲ.”

“ಗುಹಾದಾಗ ಏನೇನ ಅದಾವ?”

“ನನಗೇನ ಗೊತ್ತು?” ಎಂದಳು ಚಿಗವ್ವ. “ಹೋದಾಗೆಲ್ಲ ನಾ ಬರೇ ಮಂಗ್ಯಾ ನೋಡೇನಿ.”

ಅಪ್ಪನೇ ಮೊದಲು ನಕ್ಕುಬಿಟ್ಟ. ನಕ್ಕ ಮೇಲೆ ಯಾರ ಪರ ನಕ್ಕೆ ಎಂದು ನೆನಪಾಗಿ ಮುಖ ಬಿಗಿ ಮಾಡಿಕೊಂಡ. ಅಜ್ಜ ನಗಲಿಲ್ಲ. “ಬುತ್ತಿ ಇದ್ದ ಮ್ಯಾಲ ಕಾಯಾಕ ಒಬ್ರು ಬೇಕಲ್ಲ” ಎಂದ. “ಯಾರಾದ್ರೂ ಕಾಯ್ಬೇಕು.”

“ಹೌದು, ಬೇಕು. ನಿನ್ನ ಹಡಗದಾಗೂ ಬುತ್ತಿ ಇರ್ತಿತ್ತು.”

“ಇಲ್ದ ಹೆಂಗ? ಅಲ್ಲಿ ಅಡಗಿ ಮಾಡಿ ಹಾಕೋರು ಯಾರು? ಹದಿನೈದು ದಿನದ ಕಟಕ ರೊಟ್ಟಿ ಒಯ್ತಿದ್ದೆ, ಒಂದ ಗಡಿಗಿ ಚಟ್ನಿ…”

“ಯಾರ ಬಡದು ಕೊಡ್ತಿದ್ರು?”

“ಯಾರ ಅಂದ್ರ? ನಿಮ್ಮಜ್ಜಿ.”

“ಅಜ್ಜಿ ಸಮುದ್ರ ನೋಡಿದ್ಳೇನು?”

ಇದನ್ನು ಕೇಳಬೇಕೆಂದು ನಾನು ಮೊದಲೇ ಯೋಚಿಸಿಟ್ಟಿರಲಿಲ್ಲ. ಒಂದು ಪ್ರಶ್ನೆಯ ಹಿಂದೆ ಇನ್ನೊಂದು ತಾನಾಗಿ ಬಂತು. ಅಜ್ಜಿ ತೀರಿಕೊಂಡು ಬಹಳ ವರ್ಷವಾಗಿತ್ತು. ನನಗೆ ಅವಳ ಮುಖವೂ ಸರಿಯಾಗಿ ನೆನಪಿಲ್ಲ. ಓಣಿಯ ಮಗ್ಗಗಳ ಲಟಪಟ ಮಾತ್ರ ಕೇಳುತ್ತಿತ್ತು.

“ಇಲ್ಲ” ಎಂದ ಅಜ್ಜ.

ಗಾಯದ ಮೇಲೆ ನಿಂತು ಭಾಷ್ಯ ಮಾಡುವುದು ಬೇಡವೆನಿಸಿತು. ಆದರೂ ಮುಗಿಸಬೇಕಿತ್ತು. “ಅಜ್ಜಾ, ಹಳೇ ಹಡಗಕ್ಕ ಹೊಂಟ್ರ ಮನ್ಯಾಗ ಒಬ್ಬಾಕಿ ಕುಂತು ರೊಟ್ಟಿ ಬಡೀಬೇಕಿತ್ತು. ಈ ಹಡಗಕ್ಕ ಬುತ್ತಿ ಬೇಕಾಗಿಲ್ಲ. ಎಲ್ಲಾ ಅವ್ರ ಮಾಡ್ತಾರ, ಅವ್ರ ಬಡಸ್ತಾರ, ಅವ್ರ ತೊಳೀತಾರ. ಎಲ್ಲಿಗೂ ಹೋಗೂದಿಲ್ಲ, ಏನೂ ಕೆಲಸ ಇಲ್ಲ ಅಂತ ನೀ ಬೈದಿ. ಚಿಗವ್ವನ ಜನ್ಮದಾಗ ಅಂಥಾ ಜಾಗಾ ಒಂದ ಐತೇನು ಹೇಳು. ಅಕಿಗೆ ಬೇಕಾಗಿದ್ದು ಅದನ. ನಮ್ಮಪ್ಪಗ ಯಾಕ? ಅಂವ ಮನ್ಯಾಗೂ ಉಂಡು ಮಲಗ್ತಾನ.”

“ಏ!” ಎಂದ ಅಪ್ಪ. ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. “ಹೋಗ್ಲಿ ಬಿಡ್ರಿ, ಅಕಿ ಹೋಗಿ ಬರೂತನಕ ಒಲಿ ಮುಂದ ನಾ ಅದೇನಿ” ಎಂದೂ ಹೇಳಿದಳು, ಯಾರನ್ನೂ ನೋಡದೆ.

ಆಗ ಚಿಗವ್ವ ಹೊಸ್ತಿಲು ದಾಟಿ ಈಚೆ ಬಂದಳು. ಮಾವನ ಎದುರು ನಿಂತು ಮಾತಾಡುವ ರೂಢಿ ಅವಳಿಗಿರಲಿಲ್ಲ. ಕಣ್ಣು ನೆಲದ ಮೇಲಿತ್ತು, ಮಾತು ಮಾತ್ರ ನೇರ ಬಂತು.

“ನನಗ ಊರ ನೋಡೂದ ಬ್ಯಾಡ್ರಿ ಮಾಂವಾರ. ರತ್ನಾಗಿರಿನೂ ಬ್ಯಾಡ, ಸಿಂಗಪುರನೂ ಬ್ಯಾಡ. ನೀವು ಅಷ್ಟ ವರ್ಷದಿಂದ ಹೇಳಾಕತ್ತೀರಿ, ದಂಡಿ ಕಾಣದ ನೀರು ಅಂತ. ನಾ ಅದನ್ನ ಕುಂತು ನೋಡ್ಬೇಕು.”

ಅಜ್ಜ ತಲೆ ಎತ್ತಿ ಅವಳ ಕಡೆ ನೋಡಿದ. ಅವನ ಕಥೆಗಳನ್ನು ಅಡುಗೆಮನೆಯಲ್ಲೂ ಯಾರೋ ಕೇಳಿಸಿಕೊಳ್ಳುತ್ತಿದ್ದರೆಂದು ಅವನಿಗೆ ಹೊಳೆದದ್ದು ಆಗಲೇ ಇರಬೇಕು. ಆಮೇಲೆ ಕಾಕಾನ ಕಡೆ ತಿರುಗಿದ.

“ನಾಳೆ ಯಾರ ಹೆಸರ ಕೊಡ್ತಿ?”

“ಅಕೀದ” ಎಂದ ಕಾಕಾ. ಅಂಗಡಿಯ ದನಿ ಅವನಿಗೆ ಅಷ್ಟು ಹೊತ್ತಿಗೆ ವಾಪಸು ಬಂದಿತ್ತು.

“ಹುಂ. ಮತ್ತ ಬುತ್ತಿ ಗಿತ್ತಿ ಕಟಗೊಂಡು ಹೋಗಬ್ಯಾಡ್ರಿ” ಎಂದು ಹೇಳಿ ಅಜ್ಜ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ಒಳಗೆ ಹೋದ ಚಿಗವ್ವನ ಹಿಂದೆಯೇ ನಾನು ಅಡುಗೆಮನೆಗೆ ಓಡಿದೆ. ಅವಳು ನನ್ನ ಎರಡೂ ಕೆನ್ನೆಗೆ ಅಂಗೈ ಒತ್ತಿದಳು. ಸ್ಪರ್ಧೆಗಳಲ್ಲಿ ಕೊಟ್ಟ ಯಾವ ಫಲಕವೂ ಅಷ್ಟು ಬೆಚ್ಚಗಿರಲಿಲ್ಲ.

ಪಾಸ್‌ಪೋರ್ಟು ಬಂತು, ದಿನ ಬಂತು. ಈ ಭಾಗದ ಅಂಗಡಿಕಾರರೆಲ್ಲ ಹುಬ್ಬಳ್ಳಿಯಲ್ಲಿ ಸೇರಿ ಮುಂದೆ ಹೋಗುವುದೆಂದು ಗೊತ್ತಾಗಿತ್ತು. ನಾವೆಲ್ಲ ಟೆಂಪೋದಲ್ಲಿ ಅಲ್ಲಿಯವರೆಗೆ ಬಿಡಲು ಹೋದೆವು. ಚಿಗವ್ವ ದಾರಿಯುದ್ದಕ್ಕೂ ಕಾಲ ಬಳಿ ಕೈ ಹಾಕಿ ಏನನ್ನೋ ಹುಡುಕುತ್ತಿದ್ದಳು. “ಏನ ಮರತಿ?” ಎಂದು ಕಾಕಾ ಕೇಳಿದರೆ, “ಏನೂ ಇಲ್ಲ, ಬುತ್ತಿ ಗಂಟ ಇಲ್ಲಲ್ಲ, ಕೈಗೆ ಏನೋ ತಪ್ಪಿಧಂಗ ಆಗತೈತಿ” ಎಂದಳು. ಕುಳಗೇರಿ ಕ್ರಾಸಿನಲ್ಲಿ ಚಹಾಕ್ಕೆ ನಿಂತೆವು. ಅವಳು ಬೆಂಚಿನ ಮೇಲೆ ಕೂತಳು. ಬಿಚ್ಚಲು ಗಂಟಿಲ್ಲ, ಬಡಿಸಲು ತಾಟಿಲ್ಲ. ಅಪ್ಪನೇ ಮಿರ್ಚಿ ಭಜಿಯ ಪೊಟ್ಟಣ ತಂದು ಅವಳ ಕೈಗಿಟ್ಟ. “ನನ್ನ ಸೀಟ್ ಹೊಡದಿ, ಇದನ್ನೂ ತಿನ್ನವ್ವ” ಎಂದ. ಅವಳು ತಿಂದಳು, ಎರಡು ಬಾರಿ ಕೇಳಿ ಹಾಕಿಸಿಕೊಂಡು ತಿಂದಳು.

ಅವರು ತಿರುಗಿ ಬಂದ ಸಂಜೆ ಓಣಿಯ ಹೆಣ್ಣುಮಕ್ಕಳೆಲ್ಲ ನಮ್ಮ ಅಡುಗೆಮನೆಯಲ್ಲಿ. ಚಿಗವ್ವ ಹೇಳುತ್ತಿದ್ದಳು, ನಗೆ ಮೇಲಿಂದ ಮೇಲೆ ಏಳುತ್ತಿತ್ತು. ಪಡಸಾಲೆಯಿಂದ ಅಜ್ಜ ಒಂದೇ ಸಮನೆ ಕೂಗುತ್ತಿದ್ದ: “ಏನಂತ? ಏನಂದ್ಳಕಿ?” ಕಡೆಗೆ ತಡೆಯದೆ, “ಇಲ್ಲೇ ಬಂದು ಹೇಳ್ರಿ! ಗ್ವಾಡಿ ಆಚಿಂದ ನನಗ ಕೇಳೂದಿಲ್ಲ” ಎಂದ. ಎಲ್ಲರೂ ಈಚೆ ಬಂದೆವು. ಚಿಗವ್ವ ಕಂಬದ ಪಕ್ಕ ನಿಂತಳು. “ಕುಂತ ಹೇಳು” ಎಂದ ಅಜ್ಜ. ಅವಳು ಕೂತಳು.

ಪೂಜೆ ಒಂದು ದಿನವೂ ತಪ್ಪಲಿಲ್ಲವೆಂದು ಮೊದಲು ಹೇಳಿದಳು. ಗುಜರಾತಿನ ಅಂಗಡಿಕಾರರು ಹಟ ಹಿಡಿದದ್ದರಿಂದ ಇವರ ಗುಂಪಿಗೆಲ್ಲ ಬೇರೆ ಅಡುಗೆ ಇತ್ತಂತೆ. ಬೆಳಗ್ಗೆ ಬಿಸಿನೀರು ಗೋಡೆಯಿಂದಲೇ ಬರುತ್ತಿತ್ತಂತೆ. ಹಾಸಿಗೆಯ ಕಥೆಗೆ ಮಾತ್ರ ಎಲ್ಲರೂ ಹೊಟ್ಟೆ ಹಿಡಿದುಕೊಂಡೆವು. ಮೊದಲ ಬೆಳಗ್ಗೆ ಅವಳು ಎದ್ದವಳೇ ಹಾಸಿಗೆ ಮಡಿಸಿ, ನೆಲ ಒರೆಸಿ, ಕಾಕಾನ ಅಂಗಿ ಒಗೆದು ಹಗ್ಗ ಹುಡುಕುತ್ತಿದ್ದಾಗ ಕೋಣೆ ಶುಚಿ ಮಾಡುವ ಹುಡುಗಿ ಬಾಗಿಲು ತೆರೆದಳು. ಮಾಡಲು ಏನೂ ಉಳಿದಿಲ್ಲವೆಂದು ಕಂಡು, ತನ್ನ ಕೆಲಸದಲ್ಲೇನು ತಪ್ಪಾಯಿತೋ ಎಂದು ಅವಳ ಕಣ್ಣಲ್ಲಿ ನೀರು. ಭಾಷೆ ಬಾರದ ಇಬ್ಬರೂ ಕೈಸನ್ನೆಯಲ್ಲಿ ಸಮಾಧಾನ ಮಾಡಿಕೊಂಡರಂತೆ.

“ಕಡೀ ದಿನ ಏನ ಮಾಡಿದೆ ಗೊತ್ತೇನ್ರಿ?” ಎಂದು ಚಿಗವ್ವ ದನಿ ತಗ್ಗಿಸಿದಳು. “ಹಾಸಿಗಿ ಹಂಗ ಬಿಟ್ಟ ಎದ್ದೆ. ಹೊದಿಕಿ ಒಂದ ಕಡೆ, ದಿಂಬ ಒಂದ ಕಡೆ. ಹೊಳ್ಳಿ ಸೈತ ನೋಡ್ಲಿಲ್ಲ. ಹಂಗ ಬಾಗಲಾ ಹಾಕ್ಕೊಂಡು ಹೊರಗ ಬಂದೆ!” ಪಕ್ಕದ ಮನೆಯ ಅತ್ತೆ ತಾನೇ ಬಿಟ್ಟು ಬಂದವಳಂತೆ ಚಪ್ಪಾಳೆ ತಟ್ಟಿದಳು.

“ಸಮುದ್ರ?” ಎಂದ ಅಜ್ಜ. ಅವನಿಗೆ ಬೇಕಾದದ್ದು ಅದೊಂದೇ.

“ಸಮುದ್ರ ನೋಡಾಕ ಅಲ್ಲಿ ಯಾರೂ ಇರಲಿಲ್ರಿ ಮಾಂವಾರ. ಎಲ್ಲಾರೂ ಒಳಗ. ಒಬ್ರು ಉಣ್ಣಾಕತ್ತಾರ, ಒಬ್ರು ಇಸ್ಪೀಟ ಆಡಾಕತ್ತಾರ, ಒಬ್ರು ಆ ಹೊಂಡದಾಗ ಬಿದ್ದಾರ. ಅಂಚಿನ ಮ್ಯಾಲ ನಾ ಒಬ್ಬಾಕಿನ. ಮುಂಜಾನಿಂದ ಕುಂತ್ನೆಂದ್ರ ಯಾರೂ ಕರ್ಯಾಕ ಬರಲಿಲ್ಲ. ಅಷ್ಟೂ ಸಮುದ್ರ ನನಗೊಬ್ಬಾಕಿಗೆ ಬಿಟ್ಟಿದ್ರು.”

“ಹೊಟ್ಟಿ ತೊಳಸಲಿಲ್ಲ? ಹಡಗ ಹೊಯ್ದಾಡಿದ್ರ ತಲಿ ತಿರಗತೈತಲ್ಲ?”

“ಹೊಯ್ದಾಡಲಿಲ್ರಿ.”

“ಸುಳ್ಳು. ಹೊಯ್ದಾಡದ ಹಡಗ ಇರೂದಿಲ್ಲ.”

ನಾನು ಅವಳ ನೆರವಿಗೆ ಬಾಯಿ ತೆರೆದೆ. ಚಿಗವ್ವ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಸುಮ್ಮನಾಗಿಸಿದಳು.

“ನಿಮ್ಮ ಹಡಗ ಬ್ಯಾರೆ ಮಾಂವಾರ, ನಮ್ಮ ಹಡಗ ಬ್ಯಾರೆ. ನಮ್ಮದು ಇಷ್ಟೂ ಅಲಗಾಡಲಿಲ್ಲ.”

“ಹಂಗಾರ ಹಡಗ ನಡದೈತಿ ಅಂತ ನಿನಗ ಹೆಂಗ ತಿಳೀತು? ಊರಿಲ್ಲ, ದಂಡಿಲ್ಲ, ಅಲಗಾಡೂದಿಲ್ಲ.”

ಗಟ್ಟಿ ಪ್ರಶ್ನೆ. ಚಿಗವ್ವ ಯೋಚಿಸಲೂ ಇಲ್ಲ.

“ಹಿಂದ ನೀರಿನ ಮ್ಯಾಲ ಬೆಳ್ಳಗ ಹಾದಿ ಬೀಳ್ತಿತ್ತಲ್ರಿ. ನೊರಿ ಎದ್ದು, ಸೀಳಿಧಂಗ.”

ಅಜ್ಜ ಮುಂದಕ್ಕೆ ಬಾಗಿದ. “ಬೀಳತೈತಿ” ಎಂದ. “ಹೌದು. ಬೀಳತೈತಿ. ಎಷ್ಟ ದೂರ ಕಾಣ್ತಿತ್ತು ನಿಮ್ಮದು?”

“ಕಣ್ಣ ಹೋಗೂಮಟ. ಆಮ್ಯಾಲ ಸಣ್ಣಗಾಗಿ ನೀರಾಗ ಕೂಡ್ತಿತ್ತು.”

“ನಮ್ಮದೂ ಹಂಗ. ಬೆಳದಿಂಗಳಾಗ ನೋಡಿದೇನ?”

“ನೋಡಿದೆ. ಹಾಲಿನ ಹಾದಿಯಂಗ ಇತ್ರಿ.”

“ಹಾಲಲ್ಲ, ಅದಕ್ಕಿಂತ ನೀಲಿ.”

“ನಿಮ್ಮದು ನೀಲಿ ಇರಬೇಕ್ರಿ. ನಮ್ಮದು ಬಿಳೇದ.”

“ಯಪ್ಪಾ, ಖರೆ ಹೇಳ್ಬೇಕಂದ್ರ ಅದು…” ಎಂದು ಕಾಕಾ ನಡುವೆ ಬಾಯಿ ಹಾಕಿದ.

“ನೀ ಸುಮ್ಕಿರಲೇ” ಎಂದ ಅಜ್ಜ. “ಇಸ್ಪೀಟ ಆಡಕೋತ ಒಳಗ ಕುಂತಾವ ನೀ ಎಲ್ಲಿ ನೋಡಿ?”

ದೀಪ ಹಚ್ಚುವ ಹೊತ್ತಾಯಿತು. ಹೆಣ್ಣುಮಕ್ಕಳು ಒಬ್ಬೊಬ್ಬರಾಗಿ ಎದ್ದು ಹೋದರು, ಅವ್ವ ಒಲೆಯ ಕಡೆ ನಡೆದಳು. ಮಾವ ಸೊಸೆ ಇಬ್ಬರೂ ಎದುರುಬದುರು ಕೂತು, ಆ ಹಾದಿ ನೀಲಿಯೋ ಬಿಳಿಯೋ ಎಂದು ಇನ್ನೂ ವಾದಿಸುತ್ತಿದ್ದರು.